ಮುರುಗಲಿನಿಂದ ಮೂಳೆಮಜ್ಜೆಯವರೆಗೆ

ಹಿತ್ತಲಲ್ಲಿ ಯಾರೂ ನೀರು ಹಾಕದಿದ್ದರೂ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪದ ಗಿಡ ರಕ್ತ ಕ್ಯಾನ್ಸರಿನ ಚಿಕಿತ್ಸೆಗೆ ಬಂದದ್ದು ಅಡ್ಡದಾರಿಯಿಂದ. ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅದರ ಎಲೆಯ ಸಾರ ಸಕ್ಕರೆ ಕಾಯಿಲೆಗೆ ಆಗುತ್ತದೆಯೇ ಎಂದು ನೋಡುತ್ತಿದ್ದರು. ಇಲಿಗಳ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. 1958ರಲ್ಲಿ ಅವರು ವಿನ್‌ಬ್ಲಾಸ್ಟಿನ್ ಕುರಿತು ಬರೆದರು. ಅದೇ ಗಿಡದಿಂದ ಎಲಿ ಲಿಲಿ ಕಂಪನಿ ಬೇರ್ಪಡಿಸಿದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮಕ್ಕಳ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾಕ್ಕೆ ಇಂದಿಗೂ ಅದನ್ನು ಬಿಟ್ಟು ಚಿಕಿತ್ಸೆಯಿಲ್ಲ.

ವಿನ್‌ಕ್ರಿಸ್ಟಿನ್ ಕೆಲಸ ಮಾಡುವ ಬಗೆ ಸರಳ. ಜೀವಕೋಶ ಎರಡಾಗುವಾಗ ಬೇಕಾಗುವ ಸೂಕ್ಷ್ಮನಾಳಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ, ಕೋಶ ಸಾಯುತ್ತದೆ. ಆ ಕೋಶದಲ್ಲಿ ಯಾವ ಜೀನ್ ಎಚ್ಚರವಾಗಿದೆ, ಯಾವುದು ಮಲಗಿದೆ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ಕಳೆದ ಮೂವತ್ತು ನಲವತ್ತು ವರ್ಷಗಳಿಂದ ಸಂಶೋಧಕರು ಕೇಳುತ್ತಿರುವ ಪ್ರಶ್ನೆ ಬೇರೆ. ಸಸ್ಯಗಳ ರಾಸಾಯನಿಕಗಳು ಕ್ಯಾನ್ಸರ್ ಕೋಶವನ್ನು ಕೊಲ್ಲುವುದಷ್ಟೇ ಅಲ್ಲದೆ, ಅದರ ಜೀನುಗಳ ಆಡಳಿತವನ್ನೇ ಬದಲಿಸಬಲ್ಲವೇ?

ಈ ಪ್ರಶ್ನೆ ಬೇರೆ ಕ್ಯಾನ್ಸರುಗಳಿಗಿಂತ ರಕ್ತ ಕ್ಯಾನ್ಸರಿನಲ್ಲಿ ಹೆಚ್ಚು ತೂಕದ್ದು. 2013ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆಯವರು ತೀವ್ರ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಎಎಂಎಲ್ ಇದ್ದ 200 ವಯಸ್ಕರ ಜೀನುಗಳನ್ನು ಓದಿ ಪ್ರಕಟಿಸಿದರು. ಒಬ್ಬೊಬ್ಬರಲ್ಲಿ ಕೆಟ್ಟಿದ್ದ ಜೀನುಗಳು ಸರಾಸರಿ 13 ಮಾತ್ರ. ವಯಸ್ಕರ ಉಳಿದ ಬಹುಪಾಲು ಕ್ಯಾನ್ಸರುಗಳಿಗೆ ಹೋಲಿಸಿದರೆ ಇದು ತೀರಾ ಕಡಿಮೆ. ಆದರೆ ಕೆಟ್ಟ ಜೀನುಗಳು ಯಾವುವು ಎಂದು ನೋಡಿದಾಗ ರೋಗದ ಸ್ವಭಾವ ಬಯಲಾಯಿತು. ಶೇ 44ರಷ್ಟು ರೋಗಿಗಳಲ್ಲಿ ಡಿಎನ್‌ಎ ಮೇಲೆ ಮೀಥೈಲ್ ಗುರುತು ಹಾಕುವ ಅಥವಾ ಅಳಿಸುವ ವ್ಯವಸ್ಥೆಗೆ ಸೇರಿದ ಜೀನುಗಳು, ಶೇ 30ರಷ್ಟು ರೋಗಿಗಳಲ್ಲಿ ಡಿಎನ್‌ಎ ಸುತ್ತಿಕೊಂಡಿರುವ ಕ್ರೊಮ್ಯಾಟಿನ್ನನ್ನು ಸಡಿಲಿಸುವ ಅಥವಾ ಬಿಗಿಯುವ ಜೀನುಗಳು ಕೆಟ್ಟಿದ್ದವು. ಆಳುವವರೇ ಕೆಟ್ಟರೆ ಉಳಿದ ಸಾವಿರಾರು ಜೀನುಗಳು ಸರಿಯಿದ್ದೂ ಪ್ರಯೋಜನವಿಲ್ಲ.

ನಮ್ಮ ಬಹುತೇಕ ಎಲ್ಲ ಕೋಶಗಳಲ್ಲೂ ಸುಮಾರು ಎರಡು ಮೀಟರ್ ಉದ್ದದ, ಒಂದೇ ಬಗೆಯ ಡಿಎನ್‌ಎ ಇದೆ. ಮೂಳೆಮಜ್ಜೆಯ ಒಂದು ಮೂಲಕೋಶ ಕೆಂಪು ರಕ್ತಕಣವಾಗುವುದೋ ಬಿಳಿ ರಕ್ತಕಣವಾಗುವುದೋ ಎಂಬುದು ಯಾವ ಜೀನುಗಳನ್ನು ಓದಲಾಗುತ್ತದೆ ಎಂಬುದರ ಮೇಲೆ ನಿಂತಿದೆ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿಗೆ ಅಸಿಟೈಲ್ ಗುಂಪು ಅಂಟಿದರೆ ಆ ಭಾಗ ಸಡಿಲವಾಗಿ ಓದಲು ಸಿಗುತ್ತದೆ. ಜೀನಿನ ಆರಂಭದಲ್ಲಿ ಡಿಎನ್‌ಎಗೆ ಮೀಥೈಲ್ ಗುಂಪು ಅಂಟಿದರೆ ಅದು ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತದೆ. ತೀವ್ರ ಲ್ಯುಕೇಮಿಯಾದಲ್ಲಿ ರಕ್ತದಲ್ಲಿ ತುಂಬಿಕೊಳ್ಳುವ ಬ್ಲಾಸ್ಟ್ ಕೋಶಗಳು ಬಲಿಯುವ ಜೀನುಗಳು ಮುಚ್ಚಿಹೋದ, ಎಳೆತನದಲ್ಲೇ ಸಿಕ್ಕಿಬಿದ್ದ ಕೋಶಗಳು. ಅವುಗಳನ್ನು ಕೊಲ್ಲದೆ ಬಲಿಯುವಂತೆ ಮಾಡಿದರೂ ರೋಗಿ ಉಳಿಯುತ್ತಾನೆ.

ಇದು ಬರೀ ಊಹೆಯಲ್ಲ ಎಂದು ತೋರಿಸಿದ್ದು ಶಾಂಘೈನ ರುಯಿಜಿನ್ ಆಸ್ಪತ್ರೆ. ಪ್ರೊಮೈಲೋಸೈಟಿಕ್ ಲ್ಯುಕೇಮಿಯಾದಲ್ಲಿ 15 ಮತ್ತು 17ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗುತ್ತವೆ. 1977ರಲ್ಲಿ ಇದನ್ನು ಗುರುತಿಸಿದವರು ಷಿಕಾಗೋದ ಜ್ಯಾನೆಟ್ ರೌಲಿ. ಹಾಗೆ ಹುಟ್ಟಿದ ಕಲಬೆರಕೆ ಪ್ರೋಟೀನು ಬಲಿಯುವ ಜೀನುಗಳ ಮೇಲೆ ಕುಳಿತು, ಅಸಿಟೈಲ್ ಗುರುತು ಕೀಳುವ ಕಿಣ್ವಗಳನ್ನು ಕರೆದು ಅವನ್ನು ಮುಚ್ಚಿಸುತ್ತದೆ. ಆ ಆಸ್ಪತ್ರೆಯ ವಾಂಗ್ ಝೆನ್‌ಯಿ 1985ರಲ್ಲಿ ಐದು ವರ್ಷದ ಬಾಲಕಿಯೊಬ್ಬಳಿಗೆ ವಿಟಮಿನ್ ಎ ಕುಲದ ರೆಟಿನೋಯಿಕ್ ಆಮ್ಲ ಕೊಟ್ಟರು. ಆ ಮಗು ಚೇತರಿಸಿಕೊಂಡಿತು. 1988ರಲ್ಲಿ ಅವರ ತಂಡ 24 ರೋಗಿಗಳ ಫಲಿತಾಂಶ ಪ್ರಕಟಿಸಿತು. ಎಲ್ಲರಲ್ಲೂ ರೋಗ ಹಿಮ್ಮೆಟ್ಟಿತ್ತು, ಒಬ್ಬರಿಗೆ ಮಾತ್ರ ಅಲ್ಪ ಪ್ರಮಾಣದ ಕೀಮೊ ಜೊತೆಗೆ ಬೇಕಾಗಿತ್ತು. ಬ್ಲಾಸ್ಟ್‌ಗಳು ಬಲಿತು ತಮ್ಮ ಆಯಸ್ಸು ಮುಗಿಸಿದ್ದವು. ಕ್ಯಾರೆಟ್, ಪಪ್ಪಾಯಿ, ಸೊಪ್ಪಿನ ಕ್ಯಾರೊಟಿನ್‌ನಿಂದ ನಮ್ಮ ದೇಹವೂ ರೆಟಿನೋಯಿಕ್ ಆಮ್ಲ ತಯಾರಿಸಿಕೊಳ್ಳುತ್ತದೆ. ಆದರೆ ಆ ಕಲಬೆರಕೆ ಪ್ರೋಟೀನು ಹಿಡಿತ ಬಿಡಬೇಕಾದರೆ ಬೇಕಾಗುವ ಪ್ರಮಾಣ ಊಟದಿಂದ ಎಂದೂ ಬರುವಂಥದ್ದಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಎಲ್ಲ ಸುದ್ದಿಗಳನ್ನೂ ಓದಬೇಕು.

ಚೀನಾದಲ್ಲಿ ಇದೇ ರೋಗಕ್ಕೆ ಬಾಯಿಂದ ತೆಗೆದುಕೊಳ್ಳುವ ಒಂದು ಸಂಯುಕ್ತ ಔಷಧವಿದೆ. ಅದರಲ್ಲಿ ಆರ್ಸೆನಿಕ್ ಸಲ್ಫೈಡ್ ಖನಿಜದ ಜೊತೆ ನೀಲಿ ಬಣ್ಣ ಕೊಡುವ ಗಿಡದ ಇಂಡಿರೂಬಿನ್ ಮತ್ತು ಸಾಲ್ವಿಯಾ ಬೇರಿನ ಟ್ಯಾನ್‌ಶಿನೋನ್ ಇವೆ. ಇವು ಹೇಗೆ ಕೂಡಿ ಕೆಲಸ ಮಾಡುತ್ತವೆಂದು 2008ರಲ್ಲಿ ಶಾಂಘೈ ತಂಡ ಬಿಡಿಸಿ ತೋರಿಸಿತು. ರೋಗದ ಪ್ರೋಟೀನನ್ನು ಒಡೆಯುವ ಮುಖ್ಯ ಕೆಲಸ ಆರ್ಸೆನಿಕ್ಕಿನದು. ಸಸ್ಯದ ಎರಡು ಅಂಶಗಳು ಕೋಶದ ಪೊರೆಯಲ್ಲಿ ಆರ್ಸೆನಿಕ್ ಒಳಬರುವ ದಾರಿಯ ಪ್ರೋಟೀನಿನ ಉತ್ಪಾದನೆಯನ್ನು ಹೆಚ್ಚಿಸುತ್ತವೆ. ಒಂದು ಜೀನಿನ ದನಿ ಏರಿಸಿ ಇನ್ನೊಂದು ಮದ್ದಿಗೆ ಬಾಗಿಲು ತೆರೆಯುವ ಈ ಉದಾಹರಣೆ ನನಗೆ ಬಹಳ ಮುಖ್ಯವೆನಿಸುತ್ತದೆ. ಪಾರಂಪರಿಕ ಯೋಗವೊಂದನ್ನು ಗೌರವಿಸುವುದೆಂದರೆ ಹೀಗೆ ಅಂಶ ಅಂಶವಾಗಿ ಬಿಡಿಸಿ ಪರೀಕ್ಷಿಸುವುದು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಾಪಸ್ ಕುಂಡು ಅವರ ತಂಡ ಮಾಡಿದ ಕೆಲಸದ ಬಗ್ಗೆ ಕನ್ನಡದಲ್ಲಿ ಆಗಿರುವ ಚರ್ಚೆ ಸಾಲದು. ಹಿಸ್ಟೋನಿಗೆ ಅಸಿಟೈಲ್ ಅಂಟಿಸುವ ಪಿ300 ಎಂಬ ದೊಡ್ಡ ಕಿಣ್ವವನ್ನು ತಡೆಯಬಲ್ಲ ಸಣ್ಣ ಅಣುಗಳು ಆಗ ತೀರಾ ವಿರಳ. ಈ ತಂಡ ಹುಡುಕಿದ್ದು ನಮ್ಮ ಕರಾವಳಿ ಮಲೆನಾಡುಗಳ ಪದಾರ್ಥಗಳಲ್ಲಿ. 2003ರಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ, 2004ರಲ್ಲಿ ಮುರುಗಲಿನ ಗಾರ್ಸಿನಾಲ್, ಅದೇ ವರ್ಷ ಅರಿಶಿನದ ಕರ್ಕ್ಯುಮಿನ್, 2009ರಲ್ಲಿ ಕೆಂಪು ಚಿತ್ರಮೂಲದ ಬೇರಿನ ಪ್ಲಂಬಾಜಿನ್. ನಾಲ್ಕೂ ಪಿ300ರ ಕೈಕಟ್ಟುತ್ತವೆ. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ ಮುರುಗಲಿನ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಸಾರಿಗೆ, ಶರಬತ್ತಿಗೆ ಬಳಸುತ್ತೇವಲ್ಲ, ಗಾರ್ಸಿನಾಲ್ ಇರುವುದು ಅದರಲ್ಲೇ. ಗಾರ್ಸಿನಾಲ್ ಹಾಕಿದ ಕೋಶಗಳಲ್ಲಿ ನೂರಾರು ಜೀನುಗಳ ಓದು ಬದಲಾಯಿತು. ಆದರೆ ಅದು ಪಿ300 ಜೊತೆ ಪಿಸಿಎಎಫ್ ಎಂಬ ಇನ್ನೊಂದು ಕಿಣ್ವವನ್ನೂ ತಡೆಯುತ್ತಿತ್ತು, ಕೋಶಗಳಿಗೆ ವಿಷವೂ ಆಗುತ್ತಿತ್ತು. ಹಾಗಾಗಿ ತಂಡ ಅದರ ಬಂಧು ಐಸೊಗಾರ್ಸಿನಾಲನ್ನು ತಿದ್ದಿ, ಪಿ300ನ್ನು ಮಾತ್ರ ಹಿಡಿಯುವ, ವಿಷ ಕಡಿಮೆಯಿರುವ ಎಲ್‌ಟಿಕೆ14 ಎಂಬ ಅಣುವನ್ನು 2007ರಲ್ಲಿ ಮುಂದಿಟ್ಟಿತು.

ಪಿ300ಗೂ ರಕ್ತ ಕ್ಯಾನ್ಸರಿಗೂ ಇರುವ ನಂಟು 2011ರಲ್ಲಿ ಗಟ್ಟಿಯಾಯಿತು. ಎಎಂಎಲ್‌ನ ಒಂದು ಬಗೆಯಲ್ಲಿ 8 ಮತ್ತು 21ನೇ ವರ್ಣತಂತುಗಳು ಅದಲುಬದಲಾಗಿ ಎಎಂಎಲ್1-ಇಟಿಒ ಎಂಬ ಪ್ರೋಟೀನು ಹುಟ್ಟುತ್ತದೆ. ಈ ಅದಲುಬದಲನ್ನೂ ಮೊದಲು ಕಂಡವರು ರೌಲಿಯೇ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದ ಸಂಶೋಧಕರು, ಈ ಪ್ರೋಟೀನು ರೋಗ ತರಬೇಕಾದರೆ ಪಿ300 ಅದರ ಒಂದು ನಿರ್ದಿಷ್ಟ ಜಾಗಕ್ಕೆ ಅಸಿಟೈಲ್ ಅಂಟಿಸಲೇಬೇಕೆಂದು ತೋರಿಸಿದರು. ಪಿ300ನ್ನು ತಡೆದಾಗ ಇಲಿಗಳಲ್ಲಿ ಲ್ಯುಕೇಮಿಯಾ ಕುಗ್ಗಿತು. ಜಕ್ಕೂರಿನಲ್ಲಿ ಮುರುಗಲಿನಿಂದ ತೆಗೆದ ಅಣು ಬೆರಳು ತೋರಿಸಿದ್ದ ಗುರಿ ಸರಿಯಾಗಿತ್ತು. ಹಾಗೆಂದು ಮುರುಗಲಿನ ಶರಬತ್ತು ಲ್ಯುಕೇಮಿಯಾಕ್ಕೆ ಮದ್ದಲ್ಲ. ಗಾರ್ಸಿನಾಲ್ ಪಿ300ನ್ನು ಅರ್ಧ ತಡೆಯಲು ಸುಮಾರು 7 ಮೈಕ್ರೊಮೋಲಾರ್ ಸಾಂದ್ರತೆ ಬೇಕು, ಕರ್ಕ್ಯುಮಿನ್ ಆದರೆ ಸುಮಾರು 25.

ಈ ಅಂಕಿಯ ಎದುರು ಕರ್ಕ್ಯುಮಿನ್ನಿನ ಕಥೆಯನ್ನು ನೋಡಬೇಕು. ರಕ್ತ ಕ್ಯಾನ್ಸರಿನ ಕೋಶಗಳ ಮೇಲೆ ಕರ್ಕ್ಯುಮಿನ್ ಮಾಡಿದ್ದೆಂದು ವರದಿಯಾದದ್ದು ಸಾಲುಗಟ್ಟಲೆ ಇದೆ: ಉರಿಯೂತದ ಜೀನುಗಳನ್ನು ಎಬ್ಬಿಸುವ ಎನ್‌ಎಫ್-ಕಪ್ಪಾ-ಬಿ ತಣ್ಣಗಾಯಿತು, ಡಬ್ಲ್ಯೂಟಿ1 ಜೀನಿನ ಉತ್ಪಾದನೆ ತಗ್ಗಿತು, ಸಣ್ಣ ಆರ್‌ಎನ್‌ಎಗಳು ಏರಿದವು. ಇವೆಲ್ಲ ಗಾಜಿನ ತಟ್ಟೆಯಲ್ಲಿ, ಹೆಚ್ಚಾಗಿ 5ರಿಂದ 30 ಮೈಕ್ರೊಮೋಲಾರ್ ಸಾಂದ್ರತೆಯಲ್ಲಿ. ಅಮೆರಿಕದಲ್ಲಿ ಮೇದೋಜೀರಕದ ಕ್ಯಾನ್ಸರಿನ ರೋಗಿಗಳಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟ 2008ರ ಅಧ್ಯಯನದಲ್ಲಿ ರಕ್ತದಲ್ಲಿ ಸಿಕ್ಕಿದ್ದು ಮಿಲಿಲೀಟರಿಗೆ 22ರಿಂದ 41 ನ್ಯಾನೊಗ್ರಾಂ. ಲೆಕ್ಕ ಹಾಕಿದರೆ 0.1 ಮೈಕ್ರೊಮೋಲಾರ್ ಆಸುಪಾಸು, ಪಿ300ನ್ನು ತಡೆಯಲು ಬೇಕಾದುದರ ಇನ್ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ತೈವಾನಿನ ಒಂದು ಅಧ್ಯಯನದಲ್ಲಿ ಹೆಚ್ಚು ಸಿಕ್ಕಿತ್ತು, ಅಲ್ಲೂ ಸರಾಸರಿ 2 ಮೈಕ್ರೊಮೋಲಾರ್ ಮುಟ್ಟಲಿಲ್ಲ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಶೇ 3ರಷ್ಟು. 8 ಗ್ರಾಂ ಕರ್ಕ್ಯುಮಿನ್ ಎಂದರೆ ದಿನಕ್ಕೆ ಕಾಲು ಕಿಲೋಗಿಂತ ಹೆಚ್ಚು ಅರಿಶಿನ.

ರಸಾಯನ ವಿಜ್ಞಾನಿಗಳ ಇನ್ನೊಂದು ಆಕ್ಷೇಪವೂ ಇದೆ. 2017ರಲ್ಲಿ ಕ್ಯಾಥರಿನ್ ನೆಲ್ಸನ್ ಮತ್ತು ಸಂಗಡಿಗರು ಕರ್ಕ್ಯುಮಿನ್ ಕುರಿತ ಸಾಹಿತ್ಯವನ್ನೆಲ್ಲ ಜಾಲಾಡಿ ಬರೆದ ವಿಮರ್ಶೆಯಲ್ಲಿ, ಈ ಅಣು ನೀರಿನಲ್ಲಿ ಬೇಗ ಒಡೆಯುತ್ತದೆ, ಸಿಕ್ಕ ಸಿಕ್ಕ ಪ್ರೋಟೀನಿಗೆ ಅಂಟುತ್ತದೆ, ತನ್ನದೇ ಹೊಳಪಿನಿಂದ ಪರೀಕ್ಷೆಗಳ ಫಲಿತಾಂಶವನ್ನು ಕೆಡಿಸುತ್ತದೆ ಎಂದರು. ರೋಗಿಗೂ ವೈದ್ಯರಿಗೂ ತಿಳಿಯದಂತೆ ಹುಸಿಗುಳಿಗೆಯ ಜೊತೆ ಹೋಲಿಸಿದ ಒಂದು ಪ್ರಯೋಗವೂ ಅಲ್ಲಿಯವರೆಗೆ ಗೆದ್ದಿರಲಿಲ್ಲವೆಂದು ಅವರು ದಾಖಲಿಸಿದರು. ಇದನ್ನು ಅರಿಶಿನಕ್ಕೆ ಮಾಡಿದ ಅವಮಾನ ಎಂದುಕೊಳ್ಳಬೇಕಿಲ್ಲ. ಇಷ್ಟೊಂದು ಪ್ರಬಂಧಗಳು ಬಂದೂ ರೋಗಿಯ ಹಾಸಿಗೆಯವರೆಗೆ ಏಕೆ ಏನೂ ತಲುಪಲಿಲ್ಲ ಎಂಬುದಕ್ಕೆ ಸಿಕ್ಕ ಪ್ರಾಮಾಣಿಕ ಉತ್ತರ ಅದು.

ಕರ್ಕ್ಯುಮಿನ್ ಮೈಗೂಡುವಂತೆ ಮಾಡುವ ಉಪಾಯವೂ ಬೆಂಗಳೂರಿನದೇ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ, 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ 20 ಮಿಲಿಗ್ರಾಂ ಪೈಪರೀನ್ ಕೊಟ್ಟಾಗ ಮನುಷ್ಯರಲ್ಲಿ ಅದರ ಲಭ್ಯತೆ ಶೇ 2000ದಷ್ಟು ಏರಿತೆಂದು ತೋರಿಸಿತು. ಅಂಗಡಿಯಲ್ಲಿ ಸಿಗುವ ಅನೇಕ ಕರ್ಕ್ಯುಮಿನ್ ಮಾತ್ರೆಗಳ ಡಬ್ಬಿಯ ಮೇಲೆ ಈ ಅಂಕಿ ರಾರಾಜಿಸುತ್ತದೆ. ಆದರೆ ಪೈಪರೀನ್ ಕೆಲಸ ಮಾಡುವುದು ಔಷಧಿಗಳನ್ನು ಒಡೆದು ಹೊರಹಾಕುವ ಕಿಣ್ವಗಳನ್ನು ತಡೆದು. ಅವುಗಳಲ್ಲೊಂದು ಯಕೃತ್ತಿನ ಸಿವೈಪಿ3ಎ4. ದೀರ್ಘಕಾಲದ ಮೈಲಾಯ್ಡ್ ಲ್ಯುಕೇಮಿಯಾದವರು ನಿತ್ಯ ನುಂಗುವ ಇಮಾಟಿನಿಬ್ ಒಡೆಯುವುದೂ ಇದೇ ಕಿಣ್ವದಿಂದ, ವಿನ್‌ಕ್ರಿಸ್ಟಿನ್ ಒಡೆಯುವುದೂ ಇದೇ ಕುಲದ ಕಿಣ್ವಗಳಿಂದ. ವಿನ್‌ಕ್ರಿಸ್ಟಿನ್ ರಕ್ತದಲ್ಲಿ ಹೆಚ್ಚು ಹೊತ್ತು ನಿಂತರೆ ನರಗಳಿಗೆ ಏಟು ಬೀಳುತ್ತದೆ. ಸಾರಿನ ಮೆಣಸಿಗೆ ಹೆದರಬೇಕಿಲ್ಲ, ಆದರೆ ಸಾಂದ್ರಗೊಳಿಸಿದ ಮಾತ್ರೆ ಬೇರೆಯೇ ವಸ್ತು.

ತಟ್ಟೆಯಿಂದ ರೋಗಿಯವರೆಗಿನ ದಾರಿಯಲ್ಲಿ ಏನೇನು ಕಾದಿರುತ್ತದೆ ಎಂಬುದಕ್ಕೆ ಫ್ಲೇವೊಪಿರಿಡಾಲ್ ಎಂಬ ಔಷಧಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಡೈಸಾಕ್ಸಿಲಮ್ ಬೈನೆಕ್ಟಾರಿಫೆರಮ್ ಎಂಬ ಮರದ ತೊಗಟೆಯಲ್ಲಿ ರೋಹಿಟುಕಿನ್ ಎಂಬ ರಾಸಾಯನಿಕವಿದೆ. ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು ಹೋಕ್ಸ್ಟ್ ಕಂಪನಿಯ ಮುಂಬೈ ವಿಜ್ಞಾನಿಗಳು ಈ ಔಷಧವನ್ನು ರೂಪಿಸಿದರು. ಇದು ತಡೆಯುವುದು ಸಿಡಿಕೆ9 ಎಂಬ ಕಿಣ್ವವನ್ನು. ಜೀನಿನ ಓದು ಶುರುವಾದ ಮೇಲೆ ಸ್ವಲ್ಪ ದೂರದಲ್ಲೇ ನಿಂತುಬಿಡುವ ಆರ್‌ಎನ್‌ಎ ಪಾಲಿಮರೇಸ್‌ಗೆ ಮುಂದೆ ಹೋಗಲು ಅಪ್ಪಣೆ ಕೊಡುವುದು ಸಿಡಿಕೆ9. ಅಪ್ಪಣೆ ನಿಂತರೆ ಎಲ್ಲ ಜೀನುಗಳ ಓದೂ ನಿಲ್ಲಬೇಕು. ಹಾಗಿದ್ದೂ ಮೊದಲು ಖಾಲಿಯಾಗುವುದು ಬೇಗ ಹುಟ್ಟಿ ಬೇಗ ಅಳಿಯುವ ಪ್ರೋಟೀನುಗಳು, ಅದರಲ್ಲೂ ಎಂಸಿಎಲ್1. ದೀರ್ಘಕಾಲದ ಲಿಂಫಾಟಿಕ್ ಲ್ಯುಕೇಮಿಯಾದ ಕೋಶ ಸಾಯದೆ ಉಳಿದಿರುವುದು ಇಂಥ ಪ್ರೋಟೀನಿನ ಬಲದಿಂದ. ಕೆಲವು ಗಂಟೆ ಓದು ನಿಂತರೆ ಸಾಮಾನ್ಯ ಕೋಶ ತಡೆದುಕೊಳ್ಳುತ್ತದೆ, ಇದು ತಡೆದುಕೊಳ್ಳುವುದಿಲ್ಲ.

ತಟ್ಟೆಯಲ್ಲಿ ಅದ್ಭುತವಾಗಿ ಕೆಲಸ ಮಾಡಿದ ಮದ್ದು ರೋಗಿಗಳಲ್ಲಿ ಸೋತಿತು. ಗಂಟೆಗಟ್ಟಲೆ, ದಿನಗಟ್ಟಲೆ ನಿಧಾನವಾಗಿ ರಕ್ತನಾಳಕ್ಕೆ ಹರಿಸಿದರೂ ಫಲವಿಲ್ಲ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜಾನ್ ಬರ್ಡ್ ಮತ್ತು ಮೈಕೆಲ್ ಗ್ರೆವರ್ ತಂಡ ಕಾರಣ ಹುಡುಕಿತು. ಪ್ರಯೋಗಾಲಯದಲ್ಲಿ ಕೋಶಗಳನ್ನು ಬೆಳೆಸುವುದು ದನದ ಭ್ರೂಣದ ಸೀರಮ್‌ನಲ್ಲಿ. ಮನುಷ್ಯನ ಪ್ಲಾಸ್ಮಾದ ಪ್ರೋಟೀನುಗಳು ಈ ಔಷಧವನ್ನು ಅದಕ್ಕಿಂತ ಬಹಳ ಹೆಚ್ಚು ಹಿಡಿದಿಟ್ಟುಕೊಳ್ಳುತ್ತವೆ, ಕೋಶಕ್ಕೆ ಸಿಗುವ ಪಾಲು ಕಡಿಮೆ. ಲೆಕ್ಕ ತಿದ್ದಿಕೊಂಡ ತಂಡ ಮೊದಲ ಅರ್ಧ ಗಂಟೆ ರಭಸದಿಂದ, ಆಮೇಲೆ ನಾಲ್ಕು ಗಂಟೆ ನಿಧಾನವಾಗಿ ಔಷಧ ಕೊಟ್ಟಿತು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬೇರೆ ಚಿಕಿತ್ಸೆಗಳಿಗೆ ಬಗ್ಗದಿದ್ದ 42 ರೋಗಿಗಳಲ್ಲಿ 19 ಮಂದಿಯ ರೋಗ ಇಳಿಯಿತು. ಕೋಶಗಳು ಎಷ್ಟು ವೇಗವಾಗಿ ಸತ್ತವೆಂದರೆ ಅವುಗಳೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಕೆಲವರಿಗೆ ಡಯಾಲಿಸಿಸ್ ಮಾಡಬೇಕಾಯಿತು. ಅದೇ ಔಷಧ, ಅದೇ ರೋಗ. ಬದಲಾದದ್ದು ಸೀರಮ್ಮಿನ ಲೆಕ್ಕ ಮತ್ತು ಕೊಡುವ ವೇಗ. ಅಲ್ವೊಸಿಡಿಬ್ ಎಂಬ ಹೆಸರಿನಲ್ಲಿ ಮುಂದೆ ಎಎಂಎಲ್‌ನಲ್ಲೂ ಪರೀಕ್ಷೆಯಾದ ಇದಕ್ಕೆ ಅಮೆರಿಕದಲ್ಲಿ ಮಾರಾಟದ ಅನುಮತಿ ಸಿಕ್ಕಿಲ್ಲ. ಆದರೆ ಸಿಡಿಕೆ9ನ್ನು ಹಿಡಿಯುವ ಹೊಸ ಅಣುಗಳ ಹುಡುಕಾಟಕ್ಕೆ ದಾರಿ ಮಾಡಿದ್ದು ಇದೇ.

ಆ ಮರದ ಬಗ್ಗೆಯೂ ಒಂದು ಮಾತು. ತೊಗಟೆಗಾಗಿ ಮರ ಸುಲಿದರೆ ಮರ ಉಳಿಯುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡ 2012ರಲ್ಲಿ, ಈ ಮರದೊಳಗೆ ವಾಸಿಸುವ ಫ್ಯುಸೇರಿಯಂ ಜಾತಿಯ ಶಿಲೀಂಧ್ರವೊಂದು ತಾನೇ ರೋಹಿಟುಕಿನ್ ತಯಾರಿಸುತ್ತದೆಂದು ವರದಿ ಮಾಡಿತು. ಮರದಿಂದ ಹೊರಗೆ ಬೆಳೆಸಿದಾಗಲೂ ಇಂಥ ಶಿಲೀಂಧ್ರಗಳು ಆ ಗುಣ ಉಳಿಸಿಕೊಂಡರೆ ಘಟ್ಟದ ಮರಗಳಿಗೆ ಕೊಡಲಿ ಬೀಳುವುದು ತಪ್ಪುತ್ತದೆ. ಈ ದಿಕ್ಕಿನ ಸಂಶೋಧನೆಗೆ ಇನ್ನಷ್ಟು ಹಣ, ಇನ್ನಷ್ಟು ಮಂದಿ ಸಿಗಬೇಕು.

ಉಳಿದ ಸಸ್ಯ ರಾಸಾಯನಿಕಗಳಲ್ಲಿ ಕೆಲವನ್ನು ಹೆಸರಿಸಲೇಬೇಕು. ಚೀನಾದ ಟ್ರಿಪ್ಟರಿಜಿಯಂ ಬಳ್ಳಿಯ ಟ್ರಿಪ್ಟೊಲೈಡ್, ಜೀನಿನ ಓದು ಶುರುವಾಗಲು ಬೇಕಾದ ಎಕ್ಸ್‌ಪಿಬಿ ಪ್ರೋಟೀನಿಗೇ ಅಂಟಿಕೊಳ್ಳುತ್ತದೆಂದು 2011ರಲ್ಲಿ ತಿಳಿಯಿತು. ಶಕ್ತಿ ಅಪಾರ, ವಿಷವೂ ಅಪಾರ. ಫೀವರ್‌ಫ್ಯೂ ಗಿಡದ ಪಾರ್ಥೆನೊಲೈಡ್ ಎಎಂಎಲ್‌ನ ಮೂಲಕೋಶಗಳನ್ನು ಕೊಂದು ಸಹಜ ಮೂಲಕೋಶಗಳನ್ನು ಬಹುಮಟ್ಟಿಗೆ ಬಿಟ್ಟಿತೆಂಬ 2005ರ ವರದಿ ದೊಡ್ಡ ಆಸೆ ಹುಟ್ಟಿಸಿತು, ಆದರೆ ಅದು ನೀರಿನಲ್ಲಿ ಕರಗುವುದೇ ಕಷ್ಟ. ಕಲೋಂಜಿ ಎಂದು ಮಾರುವ ಕರಿಜೀರಿಗೆಯ ಥೈಮೊಕ್ವಿನೋನ್, ಡಿಎನ್‌ಎ ಮೀಥೈಲ್ ಗುರುತುಗಳನ್ನು ನಕಲು ಮಾಡಿಸುವ ಯುಎಚ್‌ಆರ್‌ಎಫ್1 ಪ್ರೋಟೀನನ್ನು ಲ್ಯುಕೇಮಿಯಾ ಕೋಶಗಳಲ್ಲಿ ತಗ್ಗಿಸಿತು. ಇದು ಸದ್ಯಕ್ಕೆ ತಟ್ಟೆಯ ಮಾತು. ಇವೆಲ್ಲವನ್ನೂ ದಾಟಿ ಔಷಧಾಲಯಕ್ಕೆ ಬಂದದ್ದು ಸೆಫಲೊಟ್ಯಾಕ್ಸಸ್ ಮರದ ಒಮಾಸೆಟಾಕ್ಸಿನ್. ಓದಿದ ಜೀನಿನಿಂದ ಪ್ರೋಟೀನು ಕಟ್ಟುವ ಹಂತದಲ್ಲಿ ಅದು ತಡೆಯೊಡ್ಡುತ್ತದೆ. 2012ರಲ್ಲಿ ಇಮಾಟಿನಿಬ್ ಕುಲದ ಔಷಧಿಗಳು ಕೈಕೊಟ್ಟ ರೋಗಿಗಳಿಗೆಂದು ಅಮೆರಿಕ ಅನುಮತಿಸಿತು.

ಸಸ್ಯ ರಾಸಾಯನಿಕ ಜೀನುಗಳನ್ನು ಮುಟ್ಟುತ್ತದೆ ಎಂದರೆ ಒಳ್ಳೆಯದನ್ನೇ ಮಾಡುತ್ತದೆ ಎಂದಲ್ಲ. ಇದನ್ನು ನಮ್ಮ ಪತ್ರಿಕೆಗಳು ಹೇಳುವುದೇ ಅಪರೂಪ. ಹಿಮಾಲಯದಲ್ಲೂ ಬೆಳೆಯುವ ಪೊಡೊಫಿಲಮ್ ಗಿಡದ ರಾಸಾಯನಿಕದಿಂದ ಬಂದ ಎಟೊಪೊಸೈಡ್ ಬೆಲೆಯುಳ್ಳ ಔಷಧ. ಆದರೆ ಅದನ್ನು ಪಡೆದ ಕೆಲವರಲ್ಲಿ ಎರಡು ಮೂರು ವರ್ಷಗಳಲ್ಲಿ ಹೊಸದಾಗಿ ಲ್ಯುಕೇಮಿಯಾ ಹುಟ್ಟುತ್ತದೆ. ಅದು ಟೊಪೊಐಸೊಮರೇಸ್ ಕಿಣ್ವವನ್ನು ಡಿಎನ್‌ಎ ಕತ್ತರಿಸಿದ ಸ್ಥಿತಿಯಲ್ಲೇ ಹಿಡಿದಿಡುತ್ತದೆ. ಆ ಮುರಿತ ಎಂಎಲ್‌ಎಲ್ ಎಂಬ ಜೀನಿನಲ್ಲಾಗಿ ತಪ್ಪಾಗಿ ಜೋಡಣೆಯಾದರೆ ರಕ್ತಕಣ ಬಲಿಯುವ ಇಡೀ ವ್ಯವಸ್ಥೆ ದಿಕ್ಕೆಡುತ್ತದೆ. 2000ದಲ್ಲಿ ರೌಲಿಯವರ ಪ್ರಯೋಗಾಲಯ, ಆಹಾರದಲ್ಲಿರುವ ಕ್ವರ್ಸೆಟಿನ್‌ನಂಥ ಫ್ಲೇವೊನಾಯ್ಡುಗಳೂ ಕೋಶಗಳಲ್ಲಿ ಇದೇ ಜೀನನ್ನು ತುಂಡರಿಸಬಲ್ಲವೆಂದು ತೋರಿಸಿ, ಶಿಶುಗಳ ಲ್ಯುಕೇಮಿಯಾಕ್ಕೂ ಇದಕ್ಕೂ ನಂಟಿರಬಹುದೇ ಎಂಬ ಪ್ರಶ್ನೆ ಎತ್ತಿತು. ಈ ಊಹೆ ಮನುಷ್ಯರಲ್ಲಿ ಸಾಬೀತಾಗಿಲ್ಲ, ಈರುಳ್ಳಿ ಸೇಬು ಬಿಡಬೇಕೆಂದು ಯಾರೂ ಹೇಳಿಲ್ಲ. ಆದರೆ ಗರ್ಭಿಣಿಯರು ಕ್ವರ್ಸೆಟಿನ್ ಮಾತ್ರೆಗಳನ್ನು ನುಂಗುವ ಮೊದಲು ಯೋಚಿಸಲು ಇಷ್ಟು ಸಾಕು.

ಹಸಿರು ಚಹಾದ ಇಜಿಸಿಜಿಯಲ್ಲಿ ಎರಡೂ ಮುಖಗಳು ಒಟ್ಟಿಗೆ ಕಾಣುತ್ತವೆ. ಮೇಯೊ ಕ್ಲಿನಿಕ್‌ನಲ್ಲಿ ಲಿಂಫಾಟಿಕ್ ಲ್ಯುಕೇಮಿಯಾದ ಆರಂಭದ ಹಂತದಲ್ಲಿದ್ದ 42 ಮಂದಿಗೆ ಶುದ್ಧೀಕರಿಸಿದ ಚಹಾ ಸಾರವನ್ನು ದಿನಕ್ಕೆರಡು ಬಾರಿ 2000 ಮಿಲಿಗ್ರಾಂ ಕೊಟ್ಟಾಗ, ಸುಮಾರು ಮೂರನೇ ಒಂದು ಭಾಗದವರಲ್ಲಿ ರೋಗಕಣಗಳ ಸಂಖ್ಯೆ ಶೇ 20ಕ್ಕಿಂತ ಹೆಚ್ಚು ಇಳಿದು ನಿಂತಿತು. ಅದೇ ಇಜಿಸಿಜಿ, ಮೈಲೋಮಾ ರೋಗಿಗಳಿಗೆ ಕೊಡುವ ಬೋರ್ಟೆಜೊಮಿಬ್‌ನ ಬೋರಾನ್ ಭಾಗಕ್ಕೆ ನೇರವಾಗಿ ಅಂಟಿಕೊಂಡು ಆ ಔಷಧವನ್ನೇ ನಿಷ್ಫಲಗೊಳಿಸುತ್ತದೆಂದು 2009ರಲ್ಲಿ ತಟ್ಟೆಯಲ್ಲೂ ಇಲಿಗಳಲ್ಲೂ ಕಂಡುಬಂತು. ಒಂದು ರಕ್ತ ಕ್ಯಾನ್ಸರಿನಲ್ಲಿ ಸ್ವಲ್ಪ ನೆರವಾದದ್ದು ಇನ್ನೊಂದರಲ್ಲಿ ಚಿಕಿತ್ಸೆಗೇ ಅಡ್ಡ ಬರಬಹುದು. ಮನೆಯವರು ಪ್ರೀತಿಯಿಂದ ಕೊಡುವ ಚೂರ್ಣ, ಕಷಾಯ, ಮಾತ್ರೆಗಳ ಹೆಸರನ್ನು ವೈದ್ಯರಿಗೆ ತಪ್ಪದೆ ಹೇಳಬೇಕಾದದ್ದು ಇದಕ್ಕಾಗಿ. ವೈದ್ಯರು ಗದರಿಸದೆ ಕೇಳಬೇಕಾದದ್ದೂ ಇದಕ್ಕಾಗಿಯೇ, ಗದರಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಮುರುಗಲು ತೋರಿಸಿದ ಪಿ300ರ ದಾರಿ ಮುಚ್ಚಿಲ್ಲ. ಪಿ300 ಮತ್ತು ಅದರ ಅವಳಿ ಸಿಬಿಪಿಯ ಇನ್ನೊಂದು ಭಾಗವನ್ನು, ಅಂದರೆ ಅಸಿಟೈಲ್ ಗುರುತನ್ನು ಓದುವ ಭಾಗವನ್ನು ತಡೆಯುವ ಇನೊಬ್ರೊಡಿಬ್ ಎಂಬ ಮಾತ್ರೆಯನ್ನು ಇಂಗ್ಲೆಂಡಿನ ಸೆಲ್‌ಸೆಂಟ್ರಿಕ್ ಕಂಪನಿ ತಯಾರಿಸಿದೆ. ಅದು ಪ್ರಯೋಗಾಲಯದಲ್ಲೇ ಕಟ್ಟಿದ ಅಣು, ಗಿಡದ್ದಲ್ಲ. ಬೇರೆ ಔಷಧಿಗಳಿಗೆ ಬಗ್ಗದ ಮೈಲೋಮಾ ಮತ್ತು ಎಎಂಎಲ್ ರೋಗಿಗಳಲ್ಲಿ ಅದರ ಪರೀಕ್ಷೆ ನಡೆದಿದೆ.